15 ಶೋರ್ ಅಂತ ತಂದ ಶೀಟು ನನ್ನ ಮೀಟರಿನಲ್ಲಿ 22 ತೋರಿಸುತ್ತೆ, ಯಾರು ಸುಳ್ಳು?

ಶಿವಮೊಗ್ಗದಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಸ್ವಲ್ಪ ಚಿಕ್ಕದು ಮಾಡಿ ಕೊಡುತ್ತಿದ್ದೇನೆ. ಶೋರ್ ಅಂದ್ರೆ ರಬ್ಬರು, ಸ್ಪಂಜು ಎಷ್ಟು ಗಟ್ಟಿ ಅನ್ನುವ ಅಳತೆ, ಅಂಕಿ ಏರಿದಷ್ಟೂ ಗಟ್ಟಿ. ಎಂಸಿಆರ್ ಅಂದ್ರೆ ಮೈಕ್ರೋಸೆಲ್ಯುಲರ್ ರಬ್ಬರ್, ಒಳಗೆ ಸಣ್ಣ ಗಾಳಿಗುಳ್ಳೆ ಇರುವ ಮೆತ್ತಗಿನ ರಬ್ಬರು.

"ಅಪ್ಪನ ಕಾಲದಿಂದ ಚಪ್ಪಲಿ ಹೊಲಿಯುತ್ತಿದ್ದೇವೆ. ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆಯವರಿಗೆ ಎಂಸಿಆರ್ ಚಪ್ಪಲಿ ಮಾಡಿಕೊಡುತ್ತಿದ್ದೇನೆ. ಪಾದ ಜೋಮು ಹಿಡಿದು ಚುಚ್ಚಿದರೂ ಗೊತ್ತಾಗದವರಿಗೆ ಡಾಕ್ಟರು ಬರೆದುಕೊಡುತ್ತಾರೆ. ಚೀಟಿಯಲ್ಲಿ 15 ಶೋರ್ ಅಂತ ಇರುತ್ತೆ. ಶೀಟಿನವರೂ 15 ಅಂತಲೇ ಕೊಡುತ್ತಾರೆ. ಹೋದ ತಿಂಗಳು ನಾನೇ ಒಂದು ಶೋರ್ ಮೀಟರ್ ತರಿಸಿದೆ. ಬರೀ ಶೀಟಿನ ಮೇಲೆ ಒತ್ತಿದರೆ 17. ಹೊಲಿದ ಚಪ್ಪಲಿ ಮೇಲೆ 22. ಅಂಚಿನಲ್ಲಿ 14. ಒತ್ತಿ ಹಿಡಿದುಕೊಂಡರೆ ಮುಳ್ಳು ಇಳಿಯುತ್ತಾ ಹೋಗುತ್ತೆ. ಯಾವುದನ್ನ ನಂಬಲಿ? ಅದೂ ಅಲ್ಲದೆ ಹೊಸನಗರ ಕಡೆಯ ಒಬ್ಬರು ಐದು ತಿಂಗಳ ಹಿಂದೆ ಮಾಡಿಸಿಕೊಂಡ ಚಪ್ಪಲಿ ವಾಪಸ್ ತಂದರು. ಹೆಬ್ಬೆರಳ ಬುಡದಲ್ಲಿ ಹುಣ್ಣಾಗಿದೆ. ಚಪ್ಪಲಿ ಗಟ್ಟಿಯಾಗಿದ್ದರಿಂದಲೇ ಆಯ್ತಾ ಅಂತ ನನಗೆ ನಿದ್ದೆ ಬರ್ತಿಲ್ಲ. ಇನ್ನೂ ಮೆತ್ತಗಿನ ಶೀಟು ಹಾಕಲಾ? ದುಬಾರಿ ಡಿಜಿಟಲ್ ಮೀಟರ್ ತಗೊಳ್ಳಲಾ?"

ಮೊದಲು ಆ ಹೊಸನಗರದವರ ವಿಷಯ. ಸ್ಪರ್ಶ ಇಲ್ಲದ ಪಾದದ ಹುಣ್ಣು ಚಪ್ಪಲಿ ಬದಲಿಸಿ ಕಾಯುವಂಥದ್ದಲ್ಲ. ಅವರು ಇನ್ನೂ ಡಾಕ್ಟರ ಹತ್ತಿರ ಹೋಗಿಲ್ಲ ಅಂದ್ರೆ ಇವತ್ತೇ ಫೋನ್ ಮಾಡಿ ಕಳಿಸಿ. ನಾನು ರಬ್ಬರು, ಸ್ಪಂಜು ಒತ್ತಿ ನೋಡುವ ಕೆಲಸದವನು. ಹುಣ್ಣಿನ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವ ಅಧಿಕಾರ ನನಗಿಲ್ಲ.

ಇನ್ನು ಮೀಟರಿನ ವಿಷಯ. ಯಾರೂ ಸುಳ್ಳು ಹೇಳುತ್ತಿಲ್ಲ ಅಂತಲೇ ನನ್ನ ಅಂದಾಜು. ನಿಮ್ಮ ನಾಲ್ಕು ಅಂಕಿಗಳಿಗೂ ಕಾರಣ ಇದೆ, ಹಾಗಾಗಿ ನಾಲ್ಕನ್ನೂ ನಂಬಬಹುದು. ಶೋರ್ ಅಂಕಿ ಶೀಟಿನ ಹುಟ್ಟುಗುಣ ಅಂತ ನಾವು ಅಂದುಕೊಳ್ಳುತ್ತೇವೆ, ಎಡವಟ್ಟು ಶುರುವಾಗುವುದೇ ಅಲ್ಲಿ. ಇಂಥ ಮೊನೆಯಿಂದ, ಇಷ್ಟು ಜೋರಾಗಿ, ಇಷ್ಟು ಹೊತ್ತು, ಇಂಥದ್ದರ ಮೇಲೆ ಇಟ್ಟು ಒತ್ತಿದಾಗ ಬಂದ ಉತ್ತರ ಅದು. ಇವುಗಳಲ್ಲಿ ಒಂದು ಬದಲಾದರೂ ಉತ್ತರ ಬದಲಾಗುತ್ತದೆ.

ನಿಮ್ಮ ಕೈಯಲ್ಲಿರುವ ಶೋರ್ ಎ ಮೀಟರನ್ನೇ ತಿರುಗಿಸಿ ನೋಡಿ. ಕೆಳಗೆ ಒಂದು ಸಣ್ಣ ಮೊನೆ ಎರಡೂವರೆ ಮಿಲಿಮೀಟರ್ ಹೊರಗೆ ಚಾಚಿದೆ. ಅದರ ತುದಿ ಚಪ್ಪಟೆ, ಅಗಲ 0.79 ಮಿಲಿಮೀಟರ್, ಅಂದ್ರೆ ಒಂದು ಮಿಲಿಮೀಟರ್ ಕೂಡ ಇಲ್ಲ. ಹಿಂದೆ ಒಂದು ಸ್ಪ್ರಿಂಗ್. ಶೀಟಿಗೆ ಒತ್ತಿದಾಗ ಮೊನೆ ಎಷ್ಟು ಒಳಗೆ ಹೋಯಿತು ಅನ್ನುವುದನ್ನೇ ಅದು ಅಂಕಿಯಾಗಿ ತೋರಿಸುತ್ತದೆ. ಪೂರ್ತಿ ಹೋದರೆ 0, ಒಂಚೂರೂ ಹೋಗದಿದ್ದರೆ 100. ಅಂದ್ರೆ ಒಂದು ಅಂಕಕ್ಕೆ 0.025 ಮಿಲಿಮೀಟರ್. ಲೆಕ್ಕ ಹಾಕಿ: 15 ಅಂದ್ರೆ ಮೊನೆ 2.1 ಮಿಲಿಮೀಟರ್ ಚಿಲ್ಲರೆ ಇಳಿದಿದೆ, 22 ಅಂದ್ರೆ 1.95 ಇಳಿದಿದೆ. ನಿಮ್ಮ ನಿದ್ದೆ ಕೆಡಿಸಿದ ವ್ಯತ್ಯಾಸ 0.175 ಮಿಲಿಮೀಟರ್. ಎರಡು ಹಾಳೆ ಪೇಪರಿನ ದಪ್ಪ ಕೂಡ ಅಲ್ಲ! ಇಷ್ಟು ಸಣ್ಣ ಅಳತೆಯನ್ನ ಕೈಯಲ್ಲಿ ಹಿಡಿದು ಒತ್ತಿ ತೆಗೆಯುತ್ತಿದ್ದೇವೆ ಅಂದ ಮೇಲೆ ಕೈ ಸ್ವಲ್ಪ ವಾಲಿದರೂ ಎರಡು ಮೂರು ಅಂಕ ಆಚೀಚೆ ಆಗುವುದರಲ್ಲಿ ಆಶ್ಚರ್ಯ ಏನಿದೆ.

ಚಪ್ಪಲಿ ಮೇಲೆ 22 ಬಂದಿದ್ದು ಯಾಕೆ ಅಂತ ನಾಟಿ ಗದ್ದೆಗೆ ಇಳಿದವರಿಗೆ ಹೇಳಬೇಕಾಗಿಲ್ಲ. ಮೊಣಕಾಲುದ್ದ ಕೆಸರಿರುವ ಗದ್ದೆಯಲ್ಲಿ ಕಾಲು ಹೋಗುತ್ತಲೇ ಇರುತ್ತದೆ. ಅದೇ ಕೆಸರು ನಾಲ್ಕು ಬೆರಳಷ್ಟೇ ಇದ್ದು ಕೆಳಗೆ ಜಂಬಿಟ್ಟಿಗೆ ಇದ್ದರೆ ಹಿಮ್ಮಡಿಗೆ ಟಕ್ ಅಂತ ಗಟ್ಟಿ ಸಿಗುತ್ತದೆ. ಕೆಸರು ಎರಡು ಕಡೆಯೂ ಒಂದೇ. ನಿಮ್ಮ ಇನ್‌ಸೋಲ್ ಕೆಸರು, ಕೆಳಗಿನ ಕಪ್ಪು ಸೋಲು ಜಂಬಿಟ್ಟಿಗೆ. ಮೊನೆ ಎರಡು ಮಿಲಿಮೀಟರ್ ಇಳಿಯುವಾಗ ಅದರ ಒತ್ತಡ ಇನ್ನೂ ಎಷ್ಟೋ ಆಳಕ್ಕೆ ಹರಡಿರುತ್ತದೆ. ಕೆಳಗೆ ಗಟ್ಟಿ ಸಿಕ್ಕಿದ ಕೂಡಲೇ ಮೀಟರು ಅದನ್ನೂ ಸೇರಿಸಿ ಲೆಕ್ಕ ಹೇಳುತ್ತದೆ. ಅದಕ್ಕೇ ಶೋರ್ ಎ ಅಳೆಯಲು ಕಡಿಮೆ ಅಂದ್ರೂ 6 ಮಿಲಿಮೀಟರ್ ದಪ್ಪ ಬೇಕು ಅಂತ ನಿಯಮ ಇರುವುದು. ಮೆತ್ತಗಿನ ಮಾಲಿಗೆ ಆ 6 ಕೂಡ ಕಡಿಮೆಯೇ ಅನ್ನುವುದು ನನ್ನ ಅಭಿಪ್ರಾಯ. 60 ಶೋರಿನ ರಬ್ಬರಿನಲ್ಲಿ ಮೊನೆ ಇಳಿಯುವುದು 1 ಮಿಲಿಮೀಟರ್, 15ರದ್ದರಲ್ಲಿ ಅದರ ಎರಡು ಪಟ್ಟು. ನಿಯಮ ಮಾತ್ರ ಎರಡಕ್ಕೂ ಒಂದೇ.

ಅಂಚಿನಲ್ಲಿ 14 ಬಂದದ್ದು ಇದರ ಉಲ್ಟಾ. ನಡುವೆ ಒತ್ತಿದಾಗ ಸುತ್ತಲಿನ ರಬ್ಬರು ಆತು ಹಿಡಿದುಕೊಳ್ಳುತ್ತದೆ. ಅಂಚಿನಲ್ಲಿ ಒಂದು ಕಡೆ ಆಧಾರವೇ ಇಲ್ಲ, ಪಕ್ಕಕ್ಕೆ ಉಬ್ಬಿ ಜಾರಿಕೊಳ್ಳುತ್ತದೆ. ಅಂಚಿನಿಂದ 12 ಮಿಲಿಮೀಟರ್ ಒಳಗೆ ಬಂದು ಒತ್ತಿ. ಒತ್ತಿದ ಜಾಗದಲ್ಲೇ ಮತ್ತೆ ಒತ್ತಬೇಡಿ, 6 ಮಿಲಿಮೀಟರ್ ಆದರೂ ಸರಿದು ಒತ್ತಿ. ಐದು ಸಲ ಒತ್ತಿ, ಸಣ್ಣದರಿಂದ ದೊಡ್ಡದಕ್ಕೆ ಬರೆದು, ನಡುವಿನ ಅಂಕಿ ತಗೊಳ್ಳಿ.

ಮುಳ್ಳು ಇಳಿಯುವುದು ಮೀಟರಿನ ದೋಷ ಅಂತ ತುಂಬ ಜನ ವಾಪಸ್ ಕಳಿಸುತ್ತಾರೆ. ಅದು ದೋಷ ಅಲ್ಲ ಮಾರಾಯ್ರೆ. ರಬ್ಬರು, ಸ್ಪಂಜು, ಜೆಲ್ಲು ಇವೆಲ್ಲ ಅರ್ಧ ಸ್ಪ್ರಿಂಗು, ಅರ್ಧ ಜೋನಿಬೆಲ್ಲ. ಒತ್ತಿದ ಕೂಡಲೇ ಒಂದಷ್ಟು ತಡೆಯುತ್ತವೆ, ಆಮೇಲೆ ನಿಧಾನಕ್ಕೆ ಸೋಲುತ್ತವೆ. ಬರೀ ಶೀಟನ್ನ ನೀವು ಒತ್ತಿದ ತಕ್ಷಣ ಓದಿ 17 ಅಂದ್ರಿ, ಶೀಟಿನವರು ಹದಿನೈದು ಸೆಕೆಂಡು ಬಿಟ್ಟು ಓದಿ 15 ಅಂದ್ರೆ ಇಬ್ಬರೂ ಸರಿ. ಅಮೆರಿಕದ ನಿಯಮದಲ್ಲಿ ಒಂದು ಸೆಕೆಂಡಿಗೆ ಓದುವ ರೂಢಿ ಇದೆ. ಅಂತರರಾಷ್ಟ್ರೀಯ ನಿಯಮದಲ್ಲಿ ಬೇಯಿಸಿದ ರಬ್ಬರಿಗೆ ಮೂರು ಸೆಕೆಂಡು. ಯಾವುದಾದರೂ ಸರಿ, ಒಂದನ್ನೇ ಹಿಡಿಯಿರಿ. ಅಂಕಿ ಬರೆಯುವಾಗ ಎಷ್ಟು ಸೆಕೆಂಡಿಗೆ ಅಂತಲೂ ಬರೆಯಿರಿ.

ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಒಂದು ಎಡವಟ್ಟು ಮಾಡಿದ್ದೆ. ಒಂದು ಕಂಪನಿಯಿಂದ ತೆಳು ಶೀಟು ಬಂದಿತ್ತು. ದಪ್ಪ ಸಾಲದು ಅಂತ ಮೂರು ತುಂಡು ಒಂದರ ಮೇಲೊಂದು ಇಟ್ಟು ಒತ್ತಿದೆ. ತುಂಡುಗಳು ಸ್ವಲ್ಪ ಸೊಟ್ಟಗಿದ್ದವು. ನಡುವೆ ಗಾಳಿ ಕೂತಿದ್ದು ನನಗೆ ಕಾಣಲಿಲ್ಲ. ನಾಲ್ಕು ಅಂಕ ಕಡಿಮೆ ಬಂತು, ಮಾಲು ಮೆತ್ತಗಿದೆ ಅಂತ ವರದಿ ಬರೆದೆ, ಇಡೀ ಲೋಡು ವಾಪಸ್ ಹೋಯಿತು. ಒಂದು ವಾರ ಆದ ಮೇಲೆ ಗೊತ್ತಾಯಿತು. ಆವತ್ತಿನಿಂದ ಶೀಟು ಜೋಡಿಸುವ ಮುಂಚೆ ಬೆಳಕಿಗೆ ಹಿಡಿದು ಸಂದು ನೋಡುವ ಚಟ ಹತ್ತಿದೆ.

ಇನ್ನು ಕೆಲವು ನಂಬಿಕೆಗಳು. ಡಿಜಿಟಲ್ ತಗೊಂಡರೆ ಸರಿಯಾದ ಅಂಕಿ ಬರುತ್ತದೆ ಅನ್ನುವುದು ಒಂದು. ಇಲ್ಲ, ತಪ್ಪು ಅಂಕಿಯೇ ಒಂದು ದಶಾಂಶ ಜಾಸ್ತಿ ಬರುತ್ತದೆ ಅಷ್ಟೆ. ಇರುವ ಮೀಟರನ್ನ ದಪ್ಪ ಗಾಜಿನ ಮೇಲೆ ಒತ್ತಿ, 100 ಬರಬೇಕು. ಗಾಳಿಯಲ್ಲಿ ಹಿಡಿದರೆ 0 ಇರಬೇಕು. ಎರಡೂ ಸರಿ ಇದ್ದರೆ ಅಳತೆಯ ಎರಡು ತುದಿ ಸರಿ ಇವೆ ಅಂತ ಆಯ್ತು. ನಡುವಿನದ್ದು ನೋಡಲು ಅಂಕಿ ಬರೆದ ರಬ್ಬರ್ ಬಿಲ್ಲೆ ಸಿಗುತ್ತದೆ, ಅದನ್ನ ತಗೊಳ್ಳಿ.

ಎರಡನೆಯದು, 80 ಅಂದ್ರೆ 40ರ ಎರಡು ಪಟ್ಟು ಗಟ್ಟಿ ಅನ್ನುವುದು. ಶೋರ್ ಅಂಕಿಯಿಂದ ರಬ್ಬರಿನ ನಿಜವಾದ ಬಿಗಿಯನ್ನ ಅಂದಾಜು ಮಾಡಲು ಜೆಂಟ್ ಅನ್ನುವವರು 1958ರಲ್ಲಿ ಒಂದು ಸೂತ್ರ ಕೊಟ್ಟರು. ಅದರ ಪ್ರಕಾರ 40ಕ್ಕೆ ಸುಮಾರು 1.7 ಮೆಗಾಪಾಸ್ಕಲ್, 60ಕ್ಕೆ 3.6, 80ಕ್ಕೆ 9ರ ಮೇಲೆ. ಅಂಕಿ ಎರಡು ಪಟ್ಟು, ಬಿಗಿ ಐದು ಪಟ್ಟಿಗಿಂತ ಜಾಸ್ತಿ. ಇದು ಗಟ್ಟಿ ರಬ್ಬರಿಗೆ ಮಾಡಿದ ಸೂತ್ರ, ಒಳಗೆ ಗಾಳಿಗುಳ್ಳೆ ಇರುವ ನಿಮ್ಮ ಎಂಸಿಆರ್‌ಗೆ ನೇರ ಹಾಕಬೇಡಿ. ಶೋರ್ ಅಂಕಿಗಳನ್ನ ಕೂಡಿ ಕಳೆದು ಗುಣಿಸುವ ಹಾಗಿಲ್ಲ ಅನ್ನುವುದಕ್ಕೆ ಹೇಳಿದೆ.

ಮೂರನೆಯದು ನಿಮ್ಮದೇ ಪ್ರಶ್ನೆ: ಇನ್ನೂ ಮೆತ್ತಗಿನದು ಹಾಕಲಾ? ಬೇಡ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಹುಣ್ಣಿನ ಕಥೆ ಇಲ್ಲೇ ಇದೆ ಅಂತ ನನಗೆ ಅನುಮಾನ.

ಸ್ಪಂಜನ್ನ ಒತ್ತುತ್ತಾ ಹೋದರೆ ಮೂರು ಹಂತ ಬರುತ್ತವೆ. ಮೊದಲು ಗುಳ್ಳೆಗಳ ಗೋಡೆ ಬಾಗುತ್ತವೆ, ಸ್ಪ್ರಿಂಗಿನ ಹಾಗೆ ತಡೆಯುತ್ತವೆ. ಆಮೇಲೆ ಗೋಡೆಗಳು ಮಡಚಿ ಬೀಳತೊಡಗುತ್ತವೆ. ಈ ಹಂತದಲ್ಲಿ ಸ್ವಲ್ಪವೇ ಒತ್ತಡ ಜಾಸ್ತಿ ಮಾಡಿದರೂ ತುಂಬ ಕುಗ್ಗುತ್ತದೆ. ಪಾದಕ್ಕೆ ಹಿತ ಸಿಗುವುದು ಇಲ್ಲೇ. ಕೊನೆಗೆ ಗುಳ್ಳೆಗಳೆಲ್ಲ ಚಪ್ಪಟೆಯಾಗಿ ಗೋಡೆಗೆ ಗೋಡೆ ತಾಗುತ್ತದೆ. ಅಲ್ಲಿಂದ ಮುಂದೆ ಅದು ಸ್ಪಂಜಲ್ಲ, ಗಟ್ಟಿ ರಬ್ಬರು. ತೀರಾ ಮೆತ್ತಗಿನ ಶೀಟು ಹಾಕಿದರೆ ಭಾರದ ಮನುಷ್ಯ ನಿಂತ ಕೂಡಲೇ ಹೆಬ್ಬೆರಳ ಬುಡದಲ್ಲಿ ಈ ಮೂರನೇ ಹಂತ ಮುಟ್ಟಿಬಿಡುತ್ತದೆ. ಅಂಗಡಿಯಲ್ಲಿ ಬೆರಳಲ್ಲಿ ಒತ್ತಿದಾಗ ಹತ್ತಿ ಹಾಗೆ ಇರುತ್ತದೆ, ಪಾದದಡಿಯಲ್ಲಿ ಹಲಗೆ ಆಗಿರುತ್ತದೆ.

ಶೋರ್ ಮೀಟರಿಗೆ ಈ ಮೂರನೇ ಹಂತ ಕಾಣುವುದೇ ಇಲ್ಲ. ಅದರ ಮೊನೆ 15ರ ಹತ್ತಿರ ಒತ್ತುವುದು ಸುಮಾರು 170 ಗ್ರಾಂ ಭಾರದಲ್ಲಿ, ಅದೂ ಸೂಜಿಯಂಥ ಜಾಗದಲ್ಲಿ. ಪಾದ ಒತ್ತುವುದು ಇಡೀ ಮೈ ಭಾರದಲ್ಲಿ, ಅಗಲವಾಗಿ, ದಿನಕ್ಕೆ ಸಾವಿರಾರು ಸಲ. ಸಕ್ಕರೆ ಕಾಯಿಲೆಯ ಪಾದದ ತಜ್ಞರು ಚಪ್ಪಲಿಯೊಳಗೆ ಸೆನ್ಸರ್ ಇಟ್ಟು ಅಳೆದಾಗ ಯಾವ ಜಾಗದಲ್ಲೂ 200 ಕಿಲೋಪಾಸ್ಕಲ್ ದಾಟದ ಹಾಗೆ ನೋಡಿಕೊಳ್ಳುತ್ತಾರೆ. ಹೆಚ್ಚುಕಡಿಮೆ ಒಂದು ಚದರ ಸೆಂಟಿಮೀಟರಿಗೆ ಎರಡು ಕೆಜಿ. ಆ ಭಾರಕ್ಕೆ ನಿಮ್ಮ ಶೀಟು ಎಷ್ಟು ಕುಗ್ಗುತ್ತದೆ, ಐದು ತಿಂಗಳು ಕುಗ್ಗಿ ಕುಗ್ಗಿ ವಾಪಸ್ ಏಳುತ್ತದಾ ಅನ್ನುವುದು ಬೇರೆಯದೇ ಪ್ರಶ್ನೆ. 15 ಅನ್ನುವ ಅಂಕಿ ಅದಕ್ಕೆ ಉತ್ತರ ಕೊಡುವುದಿಲ್ಲ.

ಹಾಗಾದರೆ ಡಾಕ್ಟರು 15 ಅಂತ ಬರೆಯುವುದು ಸುಮ್ನೆನಾ? ಸುಮ್ನೆ ಅಲ್ಲ. ಸ್ಪರ್ಶ ಹೋದ ಕುಷ್ಠರೋಗಿಗಳ ಪಾದ ಉಳಿಸಲು ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಅವರಂಥ ಡಾಕ್ಟರು ದುಡಿದ ಕಾಲದಿಂದ ಎಂಸಿಆರ್ ಚಪ್ಪಲಿ ನಮ್ಮ ದೇಶದಲ್ಲಿ ನಡೆದುಬಂದಿದೆ. 15 ಅನ್ನುವುದು ಬಳಸಿ ನೋಡಿ ಒಪ್ಪಿಕೊಂಡ ಗುರುತು. ಶೀಟು ಯಾವ ಜಾತಿಯದ್ದು ಅಂತ ಹೇಳುತ್ತದೆ, ಚಪ್ಪಲಿ ಚೆನ್ನಾಗಿದೆ ಅಂತ ಹೇಳುವುದಿಲ್ಲ. ಅಂದ ಹಾಗೆ, ಡಾಕ್ಟರು ಪಾದಕ್ಕೆ ಒಂದು ನೈಲಾನ್ ಎಳೆ ಚುಚ್ಚಿ ನೋಡುತ್ತಾರಲ್ಲ, ಅದು 10 ಗ್ರಾಂ ಭಾರಕ್ಕೆ ಸರಿಯಾಗಿ ಬಾಗುವ ಹಾಗೆ ಮಾಡಿದ ಎಳೆ. ಗೊತ್ತಿರುವ ಮೊನೆ, ಗೊತ್ತಿರುವ ಭಾರ. ನೀವು ಶೀಟಿಗೆ ಮಾಡುವುದನ್ನೇ ಅವರು ಪಾದಕ್ಕೆ ಮಾಡುತ್ತಾರೆ.

ನಿಮ್ಮ ಮುಂದಿರುವ ದಾರಿಗಳು ಹೀಗಿವೆ.

ಇರುವ ಶೋರ್ ಎ ಮೀಟರನ್ನೇ ಇಟ್ಟುಕೊಂಡು ಕ್ರಮ ಸರಿ ಮಾಡಿಕೊಳ್ಳುವುದು ಅಗ್ಗದ ದಾರಿ. ಹೊಲಿಯುವ ಮುಂಚೆ ಬರೀ ಶೀಟನ್ನ ಕಲ್ಲಿನ ಮೇಲೆ ಇಟ್ಟು, 10 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಎರಡು ತುಂಡು ಸಂದಿಲ್ಲದ ಹಾಗೆ ಜೋಡಿಸಿ, ಮೂರು ಸೆಕೆಂಡಿಗೆ ಓದಿ. ಚಳಿಗಾಲದ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ಒತ್ತಬೇಡಿ, ತಣ್ಣಗಿದ್ದರೆ ರಬ್ಬರು ಬಿಗಿ, ಇವಿಎ ಅನ್ನುವ ಹಗುರ ಪ್ಲಾಸ್ಟಿಕ್ ಸ್ಪಂಜಿನ ಶೀಟು ಇನ್ನೂ ಬಿಗಿ. ಶೀಟಿನ ಹೊರಮೈಯಲ್ಲಿ ಚರ್ಮದಂಥ ಪದರ ಇದ್ದರೆ ಅದೂ ಅಂಕಿ ಏರಿಸುತ್ತದೆ, ಸೀಳಿದ ಒಳಮೈ ಮೇಲೆ ಒಮ್ಮೆ ಒತ್ತಿ ನೋಡಿ. ಇಷ್ಟೆಲ್ಲ ಮಾಡಿದರೂ ಒಂದು ಕೊರತೆ ಉಳಿಯುತ್ತದೆ: ಶೋರ್ ಎ ಚೆನ್ನಾಗಿ ಕೆಲಸ ಮಾಡುವುದು 20ರಿಂದ 90ರ ನಡುವೆ. 15 ಅದರ ಅಂಗಳದ ಹೊರಗಿದೆ. ಎರಡು ಶೀಟಿಗೆ ಹೋಲಿಕೆ ಮಾಡಲು ಸಾಕು, ಜಗಳ ತೀರಿಸಲು ಸಾಲದು.

ಮೆತ್ತಗಿನ ಮಾಲಿಗೇ ಮಾಡಿದ ಮೀಟರ್‌ಗಳಿವೆ. ಆಸ್ಕರ್ ಸಿ ಅನ್ನುವುದರ ತುದಿ ಐದು ಮಿಲಿಮೀಟರ್ ಅಗಲದ ಅರ್ಧ ಗುಂಡು, ಗುಳ್ಳೆ ರಬ್ಬರಿಗೆ ಹೇಳಿ ಮಾಡಿಸಿದ್ದು. ಶೋರ್ ಎ ಮೊನೆ ಒಂದು ಗುಳ್ಳೆಯ ಮೇಲೆ ಬಿತ್ತೋ ಗೋಡೆ ಮೇಲೆ ಬಿತ್ತೋ ಅನ್ನುವುದೇ ಅಂಕಿ ಬದಲಿಸುತ್ತದೆ. ಅರ್ಧ ಗುಂಡು ನೂರಾರು ಗುಳ್ಳೆಗಳನ್ನ ಒಟ್ಟಿಗೆ ಒತ್ತುವುದರಿಂದ ಅಂಕಿ ಸ್ಥಿರವಾಗಿರುತ್ತದೆ. ತೊಂದರೆ ಏನಂದ್ರೆ ಅದರ ಅಂಕಿಯೇ ಬೇರೆ. ಚೀಟಿಯ 15ಕ್ಕೂ ಇದರ 15ಕ್ಕೂ ಸಂಬಂಧ ಇಲ್ಲ. ಪರಿವರ್ತನೆ ಪಟ್ಟಿ ಸಿಗುತ್ತವೆ, ಅವನ್ನ ನಂಬಿ ಡಾಕ್ಟರಿಗೆ ಅಂಕಿ ಹೇಳಬೇಡಿ.

ಇನ್ನೊಂದು ದಾರಿ ನನಗೆ ತುಂಬ ಇಷ್ಟ, ಕೈಯಿಂದ ಮಾಡಿಕೊಳ್ಳುವಂಥದ್ದು. ಗ್ಯಾರೇಜಿನಿಂದ 20 ಮಿಲಿಮೀಟರ್ ಅಗಲದ ಬೇರಿಂಗ್ ಗುಂಡು ತನ್ನಿ. ಶೀಟಿನ ಮೇಲೆ ಇಟ್ಟು, ಮೇಲೆ ಸಣ್ಣ ತಟ್ಟೆ, ತಟ್ಟೆಯಲ್ಲಿ 250 ಗ್ರಾಂ ತೂಕದ ಕಲ್ಲು. ಸಣ್ಣ ಇಳಿತವನ್ನೂ ಮುಳ್ಳು ತಿರುಗಿಸಿ ತೋರಿಸುವ ಡಯಲ್ ಗೇಜ್ ತಟ್ಟೆಗೆ ತಾಗಿಸಿ, ಗುಂಡು ಎಷ್ಟು ಇಳಿಯಿತು ನೋಡಿ. ನಿಮ್ಮ ಎಂಸಿಆರ್‌ನಲ್ಲಿ ಒಂದು ಮಿಲಿಮೀಟರಿನ ಆಸುಪಾಸು ಇಳಿಯಬೇಕು. ಇದರ ಲೆಕ್ಕ ಹಾಕಿಕೊಟ್ಟವನು ಜರ್ಮನಿಯ ಹೆನ್ರಿಕ್ ಹರ್ಟ್ಜ್, ರೇಡಿಯೋ ಅಲೆಗೆ ಹೆಸರಾದವನು. 1881ರ ಜನವರಿಯಲ್ಲಿ ಇದನ್ನ ಮಂಡಿಸಿದಾಗ ಅವನಿಗೆ ಇನ್ನೂ 24 ತುಂಬಿರಲಿಲ್ಲ. ಗಾಜಿನ ಲೆನ್ಸು ಒಂದಕ್ಕೊಂದು ಒತ್ತಿದರೆ ಏನಾಗುತ್ತದೆ ಅಂತ ಅವನು ತಲೆ ಕೆಡಿಸಿಕೊಂಡಿದ್ದ. ಅವನ ಲೆಕ್ಕದಲ್ಲಿ ಭಾರ ಎಂಟು ಪಟ್ಟಾದರೆ ಆಳ ನಾಲ್ಕು ಪಟ್ಟು ಅಷ್ಟೆ, ಯಾಕಂದ್ರೆ ಗುಂಡು ಇಳಿದ ಹಾಗೆಲ್ಲ ತಾಗುವ ಜಾಗವೂ ಅಗಲವಾಗುತ್ತದೆ. ಒಂದು ಕೆಜಿ ಇಡಬೇಡಿ, 10 ಮಿಲಿಮೀಟರ್ ಶೀಟಿನಲ್ಲಿ ಎರಡೂವರೆ ಮಿಲಿಮೀಟರ್ ಇಳಿದು ಮತ್ತೆ ಅದೇ ಜಂಬಿಟ್ಟಿಗೆ ಸಿಗುತ್ತದೆ. ದಪ್ಪದ ಹತ್ತನೇ ಒಂದು ಪಾಲು ದಾಟಬಾರದು ಅಂತ ನಮ್ಮವರು ಹೇಳುತ್ತಾರೆ. ಗುಂಡು ದೊಡ್ಡದಾದರೆ ಅಷ್ಟರೊಳಗೂ ಕೆಳಗಿನ ಗಟ್ಟಿ ತಾಗಿರುತ್ತದೆ. ಅದಕ್ಕೇ ಇದರಿಂದ ಬರುವ ಅಳತೆಯನ್ನ ಜಗತ್ತಿಗೆ ಹೇಳಬೇಡಿ. ಒಂದೇ ದಪ್ಪದ ಶೀಟುಗಳನ್ನ ಹೋಲಿಸಲು ಇಟ್ಟುಕೊಳ್ಳಿ. ಹಿಂದೆ ಚೆನ್ನಾಗಿ ಬಂದ ಒಂದು ಶೀಟಿನ ತುಂಡನ್ನ ಬೆಳಕು ಬೀಳದ ಡಬ್ಬಿಯಲ್ಲಿ ಇಟ್ಟು, ಹೊಸ ಶೀಟು ಬಂದಾಗಲೆಲ್ಲ ಎರಡನ್ನೂ ಪಕ್ಕಪಕ್ಕ ಒತ್ತಿ ನೋಡಿ. ಡಯಲ್ ಗೇಜಿನೊಳಗಿನ ಸ್ಪ್ರಿಂಗೂ ಸ್ವಲ್ಪ ಒತ್ತುತ್ತದೆ, ಹಾಗಾಗಿ ಗೇಜು ಬದಲಿಸಬೇಡಿ.

ಕಬ್ಬಿಣದ ಕೆಲಸದವರಿಗೆ ಈ ಗುಂಡಿನ ಆಟ ಹೊಸದಲ್ಲ. 1900ರ ಹೊತ್ತಿಗೆ ಸ್ವೀಡನ್ನಿನ ಬ್ರಿನೆಲ್ ಗುಂಡು ಒತ್ತಿ ಉಕ್ಕಿನ ಗಟ್ಟಿ ಅಳೆಯುವುದನ್ನ ತೋರಿಸಿದ. ಭದ್ರಾವತಿಯಂಥ ಉಕ್ಕಿನ ಊರಿನಲ್ಲಿ ಕೇಳಿ, ಗೊತ್ತಿರುತ್ತದೆ. ಉಕ್ಕಿನಲ್ಲಿ ಗುಳಿ ಉಳಿಯುತ್ತದೆ, ಗುಂಡು ತೆಗೆದು ಆರಾಮಾಗಿ ಅಳೆಯಬಹುದು. ರಬ್ಬರಿನಲ್ಲಿ ಗುಂಡು ಎತ್ತಿದರೆ ಗುಳಿಯೇ ಮಾಯ. ಒತ್ತಿರುವಾಗಲೇ ಅಳೆಯಬೇಕು, ನಮ್ಮ ಕಷ್ಟ ಇರುವುದು ಅಷ್ಟೇ.

ತಕ್ಕಡಿಯನ್ನೂ ಮರೆಯಬೇಡಿ. 10 ಸೆಂಟಿಮೀಟರ್ ಚೌಕದ ತುಂಡು ಕತ್ತರಿಸಿ ತೂಗಿ. ಸ್ಪಂಜಿನ ಬಿಗಿ ಸುಮಾರಾಗಿ ಅದರ ಸಾಂದ್ರತೆಯ ವರ್ಗದಷ್ಟು ಏರುತ್ತದೆ. ಅದೇ ದಪ್ಪದ ಹಳೆ ತುಂಡು 30 ಗ್ರಾಂ ಇದ್ದು ಈ ಸಲದ್ದು 36 ಇದ್ದರೆ ಬಿಗಿ ಹೆಚ್ಚುಕಡಿಮೆ 1.4 ಪಟ್ಟು ಅಂತ ಮೀಟರ್ ಮುಟ್ಟದೆ ಹೇಳಬಹುದು. ನನ್ನ ಅನುಭವದಲ್ಲಿ ಮಾಲು ಬದಲಾಗಿದ್ದನ್ನ ಮೊದಲು ಹಿಡಿಯುವುದು ತಕ್ಕಡಿಯೇ.

ಲ್ಯಾಬಿಗೆ ಕಳಿಸುವುದು ಕೊನೆಯ ದಾರಿ. ವರ್ಷಕ್ಕೊಮ್ಮೆ, ಶೀಟಿನವರನ್ನ ಬದಲಿಸಿದಾಗ ಒಮ್ಮೆ ಸಾಕು. ಅಲ್ಲಿ ಶೋರ್ ಅಂಕಿ ಕೇಳಬೇಡಿ, ನಿಮ್ಮ ಹತ್ತಿರವೇ ಇದೆ. ಒತ್ತಡಕ್ಕೆ ಎಷ್ಟು ಕುಗ್ಗುತ್ತದೆ ಅನ್ನುವ ಪೂರ್ತಿ ಗೆರೆ ಕೇಳಿ, ಮತ್ತೆ ಕಂಪ್ರೆಷನ್ ಸೆಟ್ ಕೇಳಿ. ಒತ್ತಿಟ್ಟು ಬಿಟ್ಟ ಮೇಲೆ ಎಷ್ಟು ದಪ್ಪ ವಾಪಸ್ ಬರಲಿಲ್ಲ ಅನ್ನುವ ಅಳತೆ ಅದು. ಎರಡು ಶೀಟು 15 ಇದ್ದೂ ಒಂದು ಆರು ತಿಂಗಳು ಬಾಳಿ ಇನ್ನೊಂದು ಎರಡೇ ತಿಂಗಳಿಗೆ ಕೂತುಬಿಡುವುದನ್ನ ನಾನು ನೋಡಿದ್ದೇನೆ.

ಕೊನೆಗೆ, ಹುಣ್ಣು ನಿಮ್ಮ ಶೀಟಿನಿಂದಲೇ ಆಯ್ತಾ? ಇಲ್ಲಿ ಕೂತು ಹೇಳಲಾರೆ. ಶೀಟು ಎರಡು ಅಂಕ ಜಾಸ್ತಿ ಇದ್ದುದರಿಂದ ಆಗಿದೆ ಅಂತ ನನಗೆ ಅನಿಸುವುದಿಲ್ಲ. ಪಟ್ಟಿ ತಿಕ್ಕಿರಬಹುದು, ಒಳಗೆ ಕಲ್ಲು ಸೇರಿದ್ದು ಗೊತ್ತಾಗದೆ ನಡೆದಿರಬಹುದು, ಶೀಟು ಕೂತು ಹೋಗಿರಬಹುದು. ಮೊಳೆ ಹೊಡೆದಿಲ್ಲ ತಾನೆ? ಈ ಚಪ್ಪಲಿಗೆ ಮೊಳೆ ಕೂಡದು, ಅಂಟು ಮತ್ತು ಹೊಲಿಗೆ ಮಾತ್ರ, ನಿಮಗೆ ಗೊತ್ತೇ ಇರುತ್ತದೆ. ಅವರು ವಾಪಸ್ ತಂದ ಆ ಜೋಡಿ ಬಿಸಾಡಿಲ್ಲ ಅಂದ್ಕೋತೀನಿ. ಹೆಬ್ಬೆರಳ ಬುಡ ಬರುವ ಕಡೆ ಬ್ಲೇಡಿನಲ್ಲಿ ಅಡ್ಡ ಕೊಯ್ದು, ಆ ಜಾಗದ ಇನ್‌ಸೋಲ್ ದಪ್ಪ ಅಳೆಯಿರಿ. ಪಾದದ ನಡುವಿನ ಕಮಾನಿನಡಿ, ಭಾರ ಬೀಳದ ಕಡೆಯೂ ಹಾಗೇ ಅಳೆಯಿರಿ. ಅಲ್ಲಿ 10 ಇದ್ದು ಇಲ್ಲಿ 5 ಇದ್ದರೆ ಉತ್ತರ ನಿಮ್ಮ ಕೈಯಲ್ಲೇ ಇದೆ. ಎರಡೂ ಅಳತೆ ಬರೆದು ಕಳಿಸಿ, ಶೀಟಿನ ಒಂದು ತುಂಡೂ ಜೊತೆಗಿರಲಿ.